ಮಳೆಗಾಲದ ಮಲೆನಾಡು ಮತ್ತು ಪ್ರವಾಸಿಗನ ಮನಸ್ಸು: ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋಗ, ಆಗುಂಬೆ, ಕೊಡಚಾದ್ರಿ, ಸಕಲೇಶಪುರಗಳ ಕಡೆಗೆ ಹೊರಡುವವರು ಕೇಳುವ ಪ್ರಶ್ನೆಗಳು ಮೇಲ್ನೋಟಕ್ಕೆ ಮಳೆ, ರಸ್ತೆ ಮತ್ತು ಮಂಜಿನ ಕುರಿತಾಗಿರುತ್ತವೆ. ಸ್ವಲ್ಪ ಮಾತನಾಡಿದರೆ, ಅವುಗಳಲ್ಲಿ ಬಹುಪಾಲು ತಮ್ಮ ಮನಸ್ಸಿನ ಕುರಿತ ಅಳುಕು ಎಂಬುದು ತಿಳಿಯುತ್ತದೆ: ಅಂದುಕೊಂಡಂತೆ ಆಗದಿದ್ದರೆ ಏನು ಮಾಡುವುದು, ಜೊತೆಯಲ್ಲಿ ಬಂದವರು ಬೇಸರಪಟ್ಟರೆ ಹೇಗೆ, ಖರ್ಚು ಮಾಡಿದ ಹಣ ದಂಡವಾದರೆ ಯಾರನ್ನು ಕೇಳುವುದು. ಅಂತಹ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿ ಉತ್ತರಿಸಲಾಗಿದೆ.

ಮನೋಭಾವ ಒಳ್ಳೆಯದಿದ್ದರೆ ಪ್ರವಾಸ ಚೆನ್ನಾಗಿ ಆಗುತ್ತದೆ ಎನ್ನುವುದು ನಿಜವೇ?

ಒಂದು ಮಿತಿಯೊಳಗೆ ನಿಜ. ನಮ್ಮ ಮನೋಭಾವಕ್ಕೆ ಮಳೆ ನಿಲ್ಲುವುದಿಲ್ಲ, ಬಸ್ಸು ಬೇಗ ಬರುವುದಿಲ್ಲ, ಕುಸಿದ ಗುಡ್ಡ ಮೇಲೇಳುವುದಿಲ್ಲ. ಆದರೆ ಮಳೆಯಲ್ಲಿ ನೆನೆದ ಇಬ್ಬರಲ್ಲಿ ಒಬ್ಬರು ಆ ಸಂಜೆಯನ್ನು ಹಾಳಾಯಿತೆಂದು ಲೆಕ್ಕಹಾಕುವುದಕ್ಕೂ, ಇನ್ನೊಬ್ಬರು ಬಟ್ಟೆ ಬದಲಿಸಿ ಕಷಾಯ ಕುಡಿಯುತ್ತಾ ಹಂಚಿನ ಮೇಲೆ ಬೀಳುವ ಮಳೆಯ ಸದ್ದನ್ನು ಕೇಳುತ್ತಾ ಕೂರುವುದಕ್ಕೂ ಕಾರಣ ಅವರವರ ಮನಸ್ಸಿನ ಸಿದ್ಧತೆಯೇ. ಸಿದ್ಧತೆ ಎಂದಾಗ ಎಲ್ಲವೂ ಒಳ್ಳೆಯದೇ ಆಗುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುವುದು ಎಂದು ಹಲವರು ತಿಳಿಯುತ್ತಾರೆ. ಹಾಗೆ ಹೇಳಿಕೊಂಡು ಹೊರಟವರೇ ಮೊದಲ ತೊಡಕಿಗೆ ಹೆಚ್ಚು ಕುಗ್ಗುವುದನ್ನು ನೋಡಬಹುದು. ಹೋಗುವ ಊರು ಹೇಗಿದೆ, ಆ ತಿಂಗಳಿನಲ್ಲಿ ಅಲ್ಲಿ ಏನಾಗುತ್ತದೆ ಎಂಬುದನ್ನು ತಿಳಿದು, ಅದನ್ನು ಒಪ್ಪಿಕೊಂಡೇ ಹೊರಡುವುದನ್ನು ಇಲ್ಲಿ ಸಕಾರಾತ್ಮಕ ಮನೋಭಾವ ಎಂದು ಕರೆದಿದ್ದೇವೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಬೆಂಗಳೂರಿನಲ್ಲಿ ಆಗುವುದು ಸುಮಾರು 1,000 ಮಿಲಿಮೀಟರ್. ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದವರಿಗೆ ಜುಲೈನಲ್ಲಿ ಆಗುಂಬೆಗೆ ಹೋಗಿ ‘ಇಲ್ಲಿ ಮಳೆ ಬಿಡುವುದೇ ಇಲ್ಲವಲ್ಲ’ ಎಂದು ಸಿಟ್ಟಾಗುವ ಪ್ರಮೇಯ ಬರುವುದಿಲ್ಲ.

ಅಷ್ಟು ದೂರದಿಂದ ಜೋಗಕ್ಕೆ ಹೋದರೆ ಬರೀ ಮಂಜು ಕಂಡಿತು. ಇದರಲ್ಲಿ ಮನೋಭಾವದ ಮಾತೆಲ್ಲಿ ಬಂತು?

ಬೇಸರ ಸಹಜವಾದದ್ದು. ಬೆಂಗಳೂರಿನಿಂದ ಸುಮಾರು 400 ಕಿಲೋಮೀಟರ್ ಬಂದು, ಕಟಕಟೆಯ ಬಳಿ ನಿಂತು, ಎದುರಿಗೆ ಬಿಳಿಯ ಗೋಡೆಯಂತಹ ಮಂಜನ್ನಷ್ಟೇ ನೋಡುವಾಗ ಯಾರಿಗೂ ಸಂತೋಷವಾಗದು. ಆದರೆ ಜೋಗದ ವಿಷಯದಲ್ಲಿ ಒಂದು ಇಕ್ಕಟ್ಟು ಇದೆ. ಅದು ಗೊತ್ತಿದ್ದರೆ ಬೇಸರದ ಬಣ್ಣ ಬದಲಾಗುತ್ತದೆ. ಶರಾವತಿ ಇಲ್ಲಿ 253 ಮೀಟರ್ ಆಳಕ್ಕೆ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳಾಗಿ ಧುಮುಕುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ನದಿಯ ನೀರಿನ ಬಹುಭಾಗ ವಿದ್ಯುತ್ ಉತ್ಪಾದನೆಗಾಗಿ ಮೇಲೆಯೇ ತಡೆಯಲ್ಪಡುವುದರಿಂದ, ಆಕಾಶ ತಿಳಿಯಾಗಿರುವ ಬೇಸಿಗೆಯಲ್ಲಿ ಬಂಡೆ ಚೆನ್ನಾಗಿ ಕಾಣುತ್ತದೆ, ನೀರು ಮಾತ್ರ ನೂಲಿನಷ್ಟೇ ಇರುತ್ತದೆ. ನೀರು ತುಂಬಿ ಬೀಳುವ ಮಳೆಗಾಲದಲ್ಲಿ ಮಂಜು, ಮೋಡ ಮತ್ತು ಜಲಪಾತದಿಂದಲೇ ಏಳುವ ತುಂತುರು ಕಣಿವೆಯನ್ನು ಮುಚ್ಚುತ್ತವೆ. ತುಂಬು ನೀರು ಬೇಕೆಂದವರು ಮಂಜನ್ನೂ ಒಪ್ಪಿಕೊಳ್ಳಬೇಕು. ಒಂದನ್ನು ಬಿಟ್ಟು ಇನ್ನೊಂದು ಸಿಗುವ ದಿನಗಳು ಇವೆ, ಆದರೆ ಅವು ನಮ್ಮ ರಜೆಯ ದಿನವೇ ಆಗಿರಬೇಕೆಂದಿಲ್ಲ.

ಇನ್ನು ಮಂಜಿನ ಸ್ವಭಾವ. ಅದು ಗಾಳಿಯೊಡನೆ ಸರಿಯುತ್ತದೆ. ಕಣಿವೆಯ ತಳದಿಂದ ಗಾಳಿ ಮೇಲಕ್ಕೆ ಬೀಸಿದಾಗ ಮೊದಲು ಎಡಬದಿಯ ಕಲ್ಲಿನ ಅಂಚು ಕಾಣುತ್ತದೆ, ನಂತರ ರಾಜನ ನೆತ್ತಿ, ಆಮೇಲೆ ಇದ್ದಕ್ಕಿದ್ದಂತೆ ನಾಲ್ಕೂ ಕವಲುಗಳು ಕಣ್ಣಿಗೆ ಬೀಳುತ್ತವೆ. ಕೆಲವು ನಿಮಿಷಗಳಲ್ಲಿ ಮತ್ತೆ ಎಲ್ಲವೂ ಮುಚ್ಚಿಹೋಗುತ್ತದೆ. ಕಟಕಟೆಯ ಬಳಿ ಒಂದು ಗಂಟೆ ನಿಂತವರು ಪದೇ ಪದೇ ನೋಡುವ ದೃಶ್ಯವೊಂದಿದೆ: ಒಂದು ಕುಟುಂಬ ಬರುತ್ತದೆ, ಮಂಜನ್ನು ಹಿನ್ನೆಲೆಯಾಗಿಟ್ಟು ಒಂದು ಫೋಟೊ ತೆಗೆಸಿಕೊಳ್ಳುತ್ತದೆ, ‘ಏನೂ ಕಾಣಲ್ಲ, ನಡೀರಿ’ ಎನ್ನುತ್ತಾ ವಾಹನದ ಕಡೆಗೆ ತಿರುಗುತ್ತದೆ, ಅವರು ಮುಸುಕಿನ ಜೋಳ ಸುಡುವವರ ಗಾಡಿಯನ್ನು ದಾಟುವಷ್ಟರಲ್ಲಿ ಹಿಂದಿನಿಂದ ಜನರ ಕೂಗು ಕೇಳುತ್ತದೆ. ಕೆಲವರು ಓಡಿ ಬರುತ್ತಾರೆ, ಕೆಲವರು ಆಗಲೇ ವಾಹನ ಹತ್ತಿರುತ್ತಾರೆ. ಕಾಯಲು ಸಿದ್ಧರಿರುವ ಮನಸ್ಸಿಗೆ ಇಲ್ಲಿ ಸಿಗುವ ಲಾಭ ಕಣ್ಣಿಗೆ ಕಾಣುವಂಥದ್ದು. ಮಂಜು ತೆರೆಯದೇ ಹೋದ ದಿನವೂ ನೀರಿನ ಮೊರೆತ ಇರುತ್ತದೆ, ಅದನ್ನು ಕೇಳಲು ಮಂಜು ಅಡ್ಡಿಯಲ್ಲ.

ಹಾಗಾಗಿ ಜೋಗಕ್ಕೆ ಒಂದು ಗಂಟೆಯ ಬದಲು ಅರ್ಧ ದಿನ ಇಟ್ಟುಕೊಳ್ಳಿ ಎಂಬುದೇ ನಮ್ಮ ಸಲಹೆ. ಬೆಂಗಳೂರಿನಿಂದ ರಾತ್ರಿಯ ರೈಲಿನಲ್ಲಿ ತಾಳಗುಪ್ಪಕ್ಕೆ ಬಂದರೆ ಅಲ್ಲಿಂದ ಜೋಗ ಸುಮಾರು 15 ಕಿಲೋಮೀಟರ್; ಬೆಳಿಗ್ಗೆಯೇ ತಲುಪಿದವರಿಗೆ ಕಾಯಲು ಸಮಯವೂ ಇರುತ್ತದೆ, ಕಾಯುವ ತಾಳ್ಮೆಯೂ ಇರುತ್ತದೆ.

ಹೊರಡುವ ಮೊದಲು ವಿಡಿಯೊಗಳನ್ನು ನೋಡುವುದು ಒಳ್ಳೆಯದೇ?

ದಾರಿ ತಿಳಿಯಲು ಒಳ್ಳೆಯದು, ಮನಸ್ಸಿಗೆ ಅಷ್ಟೇನೂ ಅಲ್ಲ. ಡ್ರೋನ್‌ನಲ್ಲಿ ಸೆರೆಹಿಡಿದ ಜಲಪಾತವನ್ನು ನೆಲದ ಮೇಲೆ ನಿಂತು ಯಾರೂ ನೋಡಲಾರರು. ಇಡೀ ದಿನದ ಚಿತ್ರೀಕರಣದಲ್ಲಿ ಮಂಜು ತೆರೆದ ಮೂವತ್ತು ಸೆಕೆಂಡುಗಳನ್ನು ಮಾತ್ರ ಉಳಿಸಿಕೊಂಡ ವಿಡಿಯೊವನ್ನು ನೋಡಿ ಬಂದವರು, ಆ ಮೂವತ್ತು ಸೆಕೆಂಡುಗಳನ್ನೇ ಇಡೀ ದಿನವೆಂದು ನಂಬಿ ಬಂದಿರುತ್ತಾರೆ.

ಪ್ಯಾರಿಸ್‌ಗೆ ಹೋದ ಜಪಾನಿ ಪ್ರವಾಸಿಗರಲ್ಲಿ ಕೆಲವರು, ತಾವು ಕಲ್ಪಿಸಿಕೊಂಡ ನಗರಕ್ಕೂ ಕಂಡ ನಗರಕ್ಕೂ ಇದ್ದ ಅಂತರದಿಂದ ತೀವ್ರ ಮಾನಸಿಕ ಆಘಾತಕ್ಕೆ ಒಳಗಾಗುತ್ತಿದ್ದುದನ್ನು 1980ರ ದಶಕದಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದ ಜಪಾನಿ ಮನೋವೈದ್ಯ ಹಿರೋವಾಕಿ ಓಟಾ ಗುರುತಿಸಿದರು. ಅದಕ್ಕೆ ‘ಪ್ಯಾರಿಸ್ ಸಿಂಡ್ರೋಮ್’ ಎಂಬ ಹೆಸರೇ ಬಂತು. ಅದು ಬಹಳ ಅಪರೂಪದ ಸ್ಥಿತಿ, ಮಲೆನಾಡಿನಲ್ಲಿ ಯಾರಿಗೂ ಹಾಗಾಗಬೇಕಿಲ್ಲ. ಆದರೂ ಅದರ ಸೌಮ್ಯ ರೂಪವೊಂದು ಪ್ರತಿ ವಾರಾಂತ್ಯ ಜೋಗದ ವಾಹನ ನಿಲ್ದಾಣದಲ್ಲಿ ಕಾಣಸಿಗುತ್ತದೆ.

ಹಾಗಾದರೆ ಯಾವ ನಿರೀಕ್ಷೆಯನ್ನೂ ಇಟ್ಟುಕೊಳ್ಳಬಾರದೇ?

ಇಟ್ಟುಕೊಳ್ಳಬೇಕು. ನಿರೀಕ್ಷೆಯೇ ಪ್ರವಾಸದ ಅರ್ಧ ಸುಖ ಎಂದರೆ ತಪ್ಪಾಗದು. 2010ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು 1,530 ವಯಸ್ಕರನ್ನು ಅಧ್ಯಯನ ಮಾಡಿದಾಗ, ಪ್ರವಾಸಕ್ಕೆ ಹೊರಡಲಿದ್ದವರು ಹೊರಡದವರಿಗಿಂತ ಹೆಚ್ಚು ಸಂತೋಷವಾಗಿದ್ದುದು ಪ್ರವಾಸಕ್ಕೆ ಮೊದಲೇ ಎಂದು ಕಂಡುಬಂತು. ಮರಳಿದ ಮೇಲೆ ಆ ವ್ಯತ್ಯಾಸ ಉಳಿದದ್ದು ಪ್ರವಾಸ ಬಹಳ ಆರಾಮವಾಗಿತ್ತು ಎಂದವರಲ್ಲಿ ಮಾತ್ರ. ದಿನಾಂಕ ಗೊತ್ತುಮಾಡುವುದು, ರಜೆಯ ಅರ್ಜಿ ಹಾಕುವುದು, ಮನೆಯವರೆಲ್ಲ ಸೇರಿ ದಾರಿ ಚರ್ಚಿಸುವುದು, ಅಮ್ಮ ಚಕ್ಕುಲಿ ಕೋಡುಬಳೆ ಡಬ್ಬಿಗೆ ತುಂಬುವುದು, ಇವೆಲ್ಲ ಪ್ರವಾಸದ ಭಾಗವೇ ಆದ್ದರಿಂದ ಅವಸರದಲ್ಲಿ ಮುಗಿಸಬೇಡಿ.

ಮನಶ್ಶಾಸ್ತ್ರಜ್ಞೆ ಗೇಬ್ರಿಯೆಲೆ ಓಟಿಂಗೆನ್ ಅವರ ಸಂಶೋಧನೆ ಇಲ್ಲಿ ಉಪಯುಕ್ತವಾಗಿದೆ. ಬಯಸಿದ್ದು ಕೈಗೂಡಿದಂತೆ ಕನಸು ಕಾಣುವುದಷ್ಟರಿಂದಲೇ ಜನರ ಪ್ರಯತ್ನ ಸಡಿಲವಾಗುತ್ತದೆ, ಬಯಕೆಯ ಪಕ್ಕದಲ್ಲೇ ಅದಕ್ಕೆ ಬರಬಹುದಾದ ಅಡ್ಡಿಯನ್ನೂ ಇಟ್ಟು ಯೋಚಿಸುವವರು ಹೆಚ್ಚು ಸಿದ್ಧರಾಗಿರುತ್ತಾರೆ ಎಂಬುದು ಅವರ ಕೆಲಸದ ತಿರುಳು. ಮಲೆನಾಡಿನ ಮಟ್ಟಿಗೆ ಹೇಳುವುದಾದರೆ, ‘ಕೊಡಚಾದ್ರಿಯ ಮೇಲೆ ನಿಲ್ಲಬೇಕು’ ಎಂಬ ಆಸೆಯ ಜೊತೆಗೇ ‘ಅಂದು ಜೀಪು ಬಿಡದಿದ್ದರೆ ಕೊಲ್ಲೂರಿನಲ್ಲಿ ದೇವರ ದರ್ಶನ ಮಾಡಿ ಸೌಪರ್ಣಿಕೆಯ ದಂಡೆಯಲ್ಲಿ ಇರುತ್ತೇವೆ’ ಎಂದು ಮನೆಯಲ್ಲೇ ತೀರ್ಮಾನಿಸಿಕೊಂಡಿರುವುದು.

ಆಗುಂಬೆಯಲ್ಲಿ ಸೂರ್ಯಾಸ್ತ ಕಾಣದಿದ್ದರೆ?

ಮಳೆಗಾಲದಲ್ಲಿ ಕಾಣುವುದಿಲ್ಲ ಎಂದೇ ತಿಳಿದು ಹೋಗಿ. ಅರಬ್ಬಿ ಸಮುದ್ರದವರೆಗೆ ನೋಟ ಹರಿಯುವ ತಿಳಿಯಾದ ಸಂಜೆಗಳು ಬೇಕಿದ್ದರೆ ನವೆಂಬರ್‌ನಿಂದ ಜನವರಿಯ ನಡುವೆ ಬನ್ನಿ.

ಘಾಟಿಯಲ್ಲಿ ಮರ ಬಿದ್ದು ಅಥವಾ ಗುಡ್ಡ ಕುಸಿದು ದಾರಿ ನಿಂತರೆ ಮನಸ್ಸನ್ನು ಹೇಗೆ ಸಮಾಧಾನದಲ್ಲಿಡುವುದು?

ಕಾಯುವಿಕೆಯ ಕುರಿತು 1985ರಲ್ಲಿ ಡೇವಿಡ್ ಮೈಸ್ಟರ್ ಎಂಬ ವ್ಯವಹಾರ ತಜ್ಞರು ಬರೆದ ಮಾತುಗಳು ಇಂದಿಗೂ ನಿಜವೆನಿಸುತ್ತವೆ: ಕೈಯಲ್ಲಿ ಕೆಲಸವಿಲ್ಲದ ಕಾಯುವಿಕೆ, ಕಾರಣ ತಿಳಿಯದ ಕಾಯುವಿಕೆ ಮತ್ತು ಎಷ್ಟು ಹೊತ್ತೆಂದು ಗೊತ್ತಿಲ್ಲದ ಕಾಯುವಿಕೆ ಇರುವುದಕ್ಕಿಂತ ಉದ್ದವಾಗಿ ತೋರುತ್ತವೆ. ಆದ್ದರಿಂದ ವಾಹನದೊಳಗೆ ಕುಳಿತು ಹಾರ್ನ್ ಒತ್ತುವುದಕ್ಕಿಂತ, ಸುರಕ್ಷಿತವಾಗಿದ್ದರೆ ಇಳಿದು ಮುಂದೆ ಏನಾಗಿದೆ ಎಂದು ವಿಚಾರಿಸಿ ಬನ್ನಿ. ಮರ ಬಿದ್ದಿದ್ದರೆ ಸಾಮಾನ್ಯವಾಗಿ ಹಿಂದಿನ ಬಸ್ಸಿನಿಂದಲೋ ಹತ್ತಿರದ ಮನೆಯಿಂದಲೋ ಯಾರಾದರೊಬ್ಬರು ಕತ್ತಿ ಹಿಡಿದು ಬಂದೇ ಇರುತ್ತಾರೆ. ಸಣ್ಣ ರೆಂಬೆಗಳನ್ನು ಅವರು ಕಡಿದರೆ, ಎಳೆದು ಬದಿಗೆ ಹಾಕಲು ನಾಲ್ಕು ಕೈಗಳು ಬೇಕಾಗುತ್ತವೆ. ಕೈಜೋಡಿಸಿದವರಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ, ಆಮೇಲೆ ಅದೇ ಬಸ್ಸಿನಲ್ಲಿ ಅಪರಿಚಿತರ ನಡುವೆ ಮಾತು ಶುರುವಾಗಿರುತ್ತದೆ.

ಗುಡ್ಡ ಕುಸಿದಿದ್ದರೆ ಮಾತ್ರ ಹತ್ತಿರ ಹೋಗಬಾರದು, ಮೇಲಿನ ಮಣ್ಣು ಇನ್ನೂ ಸಡಿಲವಾಗಿರುತ್ತದೆ. ಅಂತಹ ದಿನ ಹಿಂದಿರುಗಿ ಬೇರೆ ಘಾಟಿ ಹಿಡಿಯುವುದೇ ಸರಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ 55 ಕಿಲೋಮೀಟರ್ ರೈಲುಮಾರ್ಗ 57 ಸುರಂಗಗಳ ಮೂಲಕ ಹಾದುಹೋಗುತ್ತದೆ. ಹಗಲು ರೈಲಿನ ಕಿಟಕಿಯಿಂದ ಅದನ್ನು ನೋಡಲೆಂದೇ ಬರುವವರಿದ್ದಾರೆ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಮಣ್ಣು ಕುಸಿದು ಆ ಮಾರ್ಗದಲ್ಲಿ ದಿನಗಟ್ಟಲೆ ರೈಲು ಸಂಚಾರ ನಿಂತಿತ್ತು. ಮಳೆಗಾಲದಲ್ಲಿ ಘಾಟಿ ಇಳಿಯುವವರು ಮರಳುವ ದಿನದ ಮಾರನೆಯ ದಿನವೂ ರಜೆ ಇಟ್ಟುಕೊಂಡರೆ, ಸಮಾಧಾನಕ್ಕೆ ಬೇರೆ ಉಪಾಯ ಬೇಕಾಗುವುದಿಲ್ಲ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕಚೇರಿಯಲ್ಲಿರಲೇಬೇಕಾದವರಿಗೆ ಎಷ್ಟು ಸಕಾರಾತ್ಮಕವಾಗಿ ಯೋಚಿಸಿದರೂ ಭಾನುವಾರ ಸಂಜೆಯ ಮಳೆ ಶತ್ರುವಾಗಿಯೇ ಕಾಣುತ್ತದೆ.

ಇಂಬಳಗಳ ಭಯದಿಂದ ಕಾಡಿಗೆ ಕಾಲಿಡಲು ಮನಸ್ಸಾಗುವುದಿಲ್ಲ. ಏನು ಮಾಡಬೇಕು?

ಇಂಬಳ, ಕೆಲವು ಕಡೆ ಉಂಬಳ ಎಂದು ಕರೆಸಿಕೊಳ್ಳುವ ಈ ಜೀವಿ ಕಚ್ಚಿದಾಗ ನೋಯುವುದಿಲ್ಲ. ನೋಡಿದಾಗ ಆಗುವ ಅಸಹ್ಯವೇ ದೊಡ್ಡದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಅದರ ಎಂಜಲಿನಲ್ಲಿ ಇರುವುದರಿಂದ ಅದು ಬಿಟ್ಟ ಮೇಲೂ ಕೆಲಹೊತ್ತು ರಕ್ತ ಒಸರುತ್ತದೆ, ಮೊದಲ ಸಲ ಕಂಡವರು ಅದನ್ನು ದೊಡ್ಡ ಗಾಯವೆಂದು ತಿಳಿದು ಹೆದರುತ್ತಾರೆ. ಪ್ಯಾಂಟಿನ ತುದಿಯನ್ನು ಉದ್ದನೆಯ ಕಾಲುಚೀಲದೊಳಗೆ ಸೇರಿಸಿ, ಕಾಲುಚೀಲದ ಮೇಲೆ ಉಪ್ಪು ಅಥವಾ ನಶ್ಯದ ಪುಡಿ ಹಚ್ಚಿಕೊಂಡು ಹೊರಡುವುದು ಊರಿನವರ ಹಳೆಯ ಕ್ರಮ. ಇಷ್ಟು ತಿಳಿದ ಮೇಲೂ ಭಯ ಹೋಗದಿದ್ದರೆ ರಸ್ತೆಯ ಮೇಲೆಯೇ ನಡೆಯಿರಿ. ಮಲೆನಾಡನ್ನು ನೋಡಲು ಕಾಡಿನೊಳಗೆ ನುಗ್ಗಲೇಬೇಕೆಂಬ ನಿಯಮವೇನೂ ಇಲ್ಲ, ಭಯವನ್ನು ಮೆಟ್ಟಿ ನಿಂತೆವೆಂದು ತೋರಿಸಲು ಪ್ರವಾಸ ಪರೀಕ್ಷೆಯೂ ಅಲ್ಲ.

ಜೊತೆಯಲ್ಲಿ ಬಂದ ಒಬ್ಬರು ದಾರಿಯುದ್ದಕ್ಕೂ ಗೊಣಗುತ್ತಿದ್ದರೆ ಎಲ್ಲರ ಮನಸ್ಸೂ ಕೆಡುತ್ತದೆ. ಪರಿಹಾರವೇನು?

ಗೊಣಗುವವರನ್ನು ‘ಸ್ವಲ್ಪ ಪಾಸಿಟಿವ್ ಆಗಿ ಯೋಚಿಸಿ’ ಎಂದು ತಿದ್ದಹೋದವರು ಜಗಳದಲ್ಲಿ ಮುಗಿಸಿದ್ದೇ ಹೆಚ್ಚು. ಗೊಣಗಾಟದ ಹಿಂದೆ ಬಹುಮಟ್ಟಿಗೆ ದೇಹದ ಕಾರಣವೇ ಇರುತ್ತದೆ. ಅಜ್ಜಿಗೆ ಮಂಡಿನೋವು, ಚಿಕ್ಕಪ್ಪನಿಗೆ ಹೊತ್ತಿಗೆ ಸರಿಯಾಗಿ ಊಟವಾಗಬೇಕಾದ ಸಕ್ಕರೆ ಕಾಯಿಲೆ, ಮಗುವಿಗೆ ಒದ್ದೆಯಾದ ಕಾಲುಚೀಲ, ಅತ್ತಿಗೆಗೆ ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸುವಿಕೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಹೊಟ್ಟೆತುಂಬ ಮಸಾಲೆದೋಸೆ ತಿಂದು ಇಳಿಯುವವರಿಗೆ ಪ್ರಕೃತಿ ಸೌಂದರ್ಯದ ಬಗ್ಗೆ ಹೇಳಿ ಪ್ರಯೋಜನವಿಲ್ಲ. ಕಾರಣ ಹುಡುಕಿ ಸರಿಪಡಿಸಿದರೆ ಮನೋಭಾವ ತಾನಾಗಿಯೇ ಸರಿಯಾಗುತ್ತದೆ. ಸರಿಪಡಿಸಲಾಗದಿದ್ದರೆ, ಜೋಗದ ತಳಕ್ಕೆ ಸುಮಾರು 1,400 ಮೆಟ್ಟಿಲು ಇಳಿಯುವುದನ್ನು ಆಗುವವರು ಮಾಡಲಿ, ಆಗದವರು ಮೇಲೆ ಚಹಾ ಕುಡಿಯುತ್ತಿರಲಿ. ಮಳೆ ಜೋರಾಗಿರುವಾಗ ಆ ಮೆಟ್ಟಿಲುಗಳನ್ನು ಮುಚ್ಚುವುದೂ ಉಂಟು. ಎಲ್ಲರೂ ಎಲ್ಲವನ್ನೂ ಒಟ್ಟಿಗೇ ನೋಡಬೇಕೆಂಬ ಹಠ ಕುಟುಂಬ ಪ್ರವಾಸಗಳನ್ನು ಮಳೆಗಿಂತ ಹೆಚ್ಚು ಕೆಡಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಒಬ್ಬಳೇ ಹೋಗುವ ಮಹಿಳೆಗೆ ‘ಧೈರ್ಯವಾಗಿರು, ಎಲ್ಲ ಒಳ್ಳೆಯದಾಗುತ್ತದೆ’ ಎನ್ನುವುದು ಸಾಕೇ?

ಸಾಲದು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರ ಓಡಾಟ ಹೆಚ್ಚಿ, ಒಂಟಿಯಾಗಿ ಊರೂರು ನೋಡಲು ಹೊರಡುವುದು ವಿಶೇಷವೆನಿಸದಂತಾಗಿದೆ. ಹಾಗಿದ್ದರೂ ಮಳೆಗಾಲದ ಹಳ್ಳಿಗಳಲ್ಲಿ ಬೇಗ ಕತ್ತಲಾಗುತ್ತದೆ, ಕರೆಂಟು ಹೋಗುತ್ತದೆ, ಮೊಬೈಲ್ ಸಿಗ್ನಲ್ ಸಿಗದ ತಿರುವುಗಳಿವೆ, ಸಂಜೆಯ ಕೊನೆಯ ಬಸ್ಸು ತಪ್ಪಿದರೆ ಬೇರೆ ವ್ಯವಸ್ಥೆ ಕಷ್ಟ. ಬೆಳಕಿರುವಾಗಲೇ ತಂಗುವ ಊರನ್ನು ತಲುಪುವುದು, ಮನೆಯವರಿಗೆ ತಂಗುದಾಣದ ವಿವರ ಕೊಟ್ಟಿರುವುದು, ತೊಂದರೆಯಾದರೆ 112ಕ್ಕೆ ಕರೆ ಮಾಡುವುದು ಇವೆಲ್ಲ ಮುಂಚಿತವಾಗಿ ತೀರ್ಮಾನವಾಗಿದ್ದರೆ, ಕಿಟಕಿಯ ಪಕ್ಕದ ಸೀಟಿನಲ್ಲಿ ನಿರಾಳವಾಗಿ ಕೂರಲು ಸಾಧ್ಯ. ಎಚ್ಚರಿಕೆಯನ್ನು ಅನುಮಾನದ ಸ್ವಭಾವವೆಂದು ಹೀಗಳೆಯುವವರ ಮಾತಿಗೆ ಕಿವಿಗೊಡಬೇಡಿ.

ಸಕಾರಾತ್ಮಕ ಮನೋಭಾವ ಎಲ್ಲಿ ಅಪಾಯಕಾರಿಯಾಗುತ್ತದೆ?

‘ನಮಗೇನೂ ಆಗುವುದಿಲ್ಲ’ ಎಂಬ ಮಾತಿನಲ್ಲಿ. 2023ರ ಜುಲೈನಲ್ಲಿ ಕೊಲ್ಲೂರಿನ ಬಳಿಯ ಅರಶಿನಗುಂಡಿ ಜಲಪಾತದಲ್ಲಿ ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ ಕಾಲು ಜಾರಿ ನೀರುಪಾಲಾದ. ಪಾಚಿ ಕಟ್ಟಿದ ಬಂಡೆ ಬರಿಗಣ್ಣಿಗೆ ಒದ್ದೆ ಬಂಡೆಯಂತೆಯೇ ಕಾಣುತ್ತದೆ, ಮೇಲ್ಗಡೆ ಎಲ್ಲೋ ಸುರಿದ ಮಳೆಗೆ ಹಳ್ಳದ ನೀರು ನಿಮಿಷಗಳಲ್ಲಿ ಏರುತ್ತದೆ, ಆ ಹೊತ್ತಿಗೆ ನಮ್ಮ ತಲೆಯ ಮೇಲೆ ಒಂದು ಹನಿಯೂ ಬಿದ್ದಿರುವುದಿಲ್ಲ. ಅರಣ್ಯ ಇಲಾಖೆ ಚಾರಣಪಥವನ್ನು ಮುಚ್ಚಿದ್ದರೆ ಕಳ್ಳದಾರಿ ತೋರಿಸುವವರು ಸಿಗುತ್ತಾರೆ, ಹಿಂದೆ ಹೋಗಬೇಡಿ. ಊರಿನವರು ‘ಇವತ್ತು ಹಳ್ಳ ದಾಟಬೇಡಿ’ ಎಂದರೆ ಅಲ್ಲಿಗೆ ಚರ್ಚೆ ಮುಗಿಯಿತು.

ಊರಿನವರಿಗೆ ಮಳೆ ಎಂದರೆ ಬೇರೆಯೇ ಅಲ್ಲವೇ? ನಮ್ಮ ಸಂಭ್ರಮ ಅವರಿಗೆ ಹೇಗೆ ಕಾಣುತ್ತದೆ?

ಇದು ಅಪರೂಪಕ್ಕೆ ಕೇಳಿಬರುವ, ಆದರೆ ಹೆಚ್ಚು ಜನ ಕೇಳಬೇಕಾದ ಪ್ರಶ್ನೆ. ಹೋಂಸ್ಟೇ ನಡೆಸುವ ಮನೆಗಳಲ್ಲಿ ಹಲವು ಅಡಿಕೆ ತೋಟದ ಮನೆಗಳು. ಹನಿಕಡಿಯದೆ ಮಳೆ ಹಿಡಿದರೆ ಅಡಿಕೆಗೆ ಕೊಳೆರೋಗ ತಗಲುತ್ತದೆ, ಅದನ್ನು ತಡೆಯಲು ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಪ್ರತಿ ಮರದ ಗೊನೆಗೂ ಸಿಂಪಡಿಸಬೇಕು, ಸಿಂಪಡಣೆಗೆ ಮಳೆ ಬಿಡುವು ಕೊಟ್ಟ ಹೊತ್ತೇ ಬೇಕು. ಅತಿಥಿ ಜಗಲಿಯಲ್ಲಿ ಕುಳಿತು ‘ಇನ್ನೂ ಜೋರಾಗಿ ಬರಬೇಕಿತ್ತು’ ಎನ್ನುವಾಗ, ಒಳಗೆ ಮನೆಯ ಯಜಮಾನರು ಮೋಡ ನೋಡುತ್ತಾ ಮರ ಹತ್ತುವ ಕೊನೆಗೌಡನಿಗೆ ಫೋನು ಮಾಡುತ್ತಿರುತ್ತಾರೆ. ಬೆಳಿಗ್ಗೆ ಮಳೆ ಹೊಳವಾದ ಕೂಡಲೇ ತಿಂಡಿ ತಡವಾದರೆ ಅದಕ್ಕೆ ಕಾರಣ ಇದೇ ಇರಬಹುದು. ಹೀಗೆ ತಡವಾದುದಕ್ಕೆ ಕಡಿಮೆ ಅಂಕ ಕೊಟ್ಟು ಬರೆಯುವ ಪ್ರವಾಸಿಗರಿದ್ದಾರೆ. ಅದೇ ಹೊತ್ತಿನಲ್ಲಿ ಛತ್ರಿ ಹಿಡಿದು ತೋಟಕ್ಕೆ ಹೋಗಿ ದ್ರಾವಣ ಕದಡುವುದನ್ನು ನೋಡಿ ಬಂದು, ಆಮೇಲೆ ಪತ್ರೊಡೆಯನ್ನೂ ಕಳಲೆ ಪಲ್ಯವನ್ನೂ ಇನ್ನಷ್ಟು ರುಚಿಯಾಗಿ ಉಂಡವರೂ ಇದ್ದಾರೆ. ಎರಡನೆಯವರು ಕಂಡ ಮಲೆನಾಡು ಮೊದಲನೆಯವರಿಗೆ ಸಿಗಲಿಲ್ಲ.

ಹೇಳಿದ ಕೋಣೆ ಕೊಡದೆ, ಹಣವನ್ನೂ ಹಿಂದಿರುಗಿಸದೆ ಮೋಸ ಮಾಡಿದರೂ ನಗುತ್ತಲೇ ಇರಬೇಕೇ?

ಖಂಡಿತ ಬೇಡ. ಮಳೆ ಯಾರ ತಪ್ಪೂ ಅಲ್ಲ, ಸೋರುವ ಕೋಣೆಗೆ ಪೂರ್ತಿ ಬಾಡಿಗೆ ಕೇಳುವುದು ತಪ್ಪೇ. ರಶೀದಿ, ಸಂದೇಶ ಮತ್ತು ಫೋಟೊಗಳನ್ನು ಇಟ್ಟುಕೊಂಡು ಮೊದಲು ಮಾಲೀಕರನ್ನು ಕೇಳಿ, ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ದೂರು ಕೊಟ್ಟ ಮೇಲೆ ಉಳಿದ ಎರಡು ದಿನ ಅದೇ ವಿಷಯವನ್ನು ಮೆಲುಕು ಹಾಕುವುದು ಬಿಡುವುದು ನಿಮ್ಮ ಕೈಯಲ್ಲಿದೆ.

ಆಗ ಸಾಕಪ್ಪಾ ಅನ್ನಿಸಿದ ಪ್ರವಾಸವನ್ನೇ ಆಮೇಲೆ ನಕ್ಕು ನಕ್ಕು ನೆನೆಯುತ್ತೇವಲ್ಲ, ಏಕೆ?

1997ರಲ್ಲಿ ಟೆರೆನ್ಸ್ ಮಿಚೆಲ್, ಲೀ ಥಾಂಪ್ಸನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಅಧ್ಯಯನ ಇದನ್ನೇ ಪರಿಶೀಲಿಸಿತ್ತು. ಯುರೋಪ್ ಪ್ರವಾಸ, ಹಬ್ಬದ ರಜೆ ಮತ್ತು ಕ್ಯಾಲಿಫೋರ್ನಿಯಾದಲ್ಲಿ ಮೂರು ವಾರಗಳ ಸೈಕಲ್ ಯಾತ್ರೆ ಕೈಗೊಂಡವರನ್ನು ಮೊದಲು, ನಡುವೆ ಮತ್ತು ನಂತರ ಕೇಳಿದಾಗ, ಹೋಗುವ ಮೊದಲು ಹಾಗೂ ಬಂದ ಮೇಲೆ ಅವರು ಹೇಳಿದ ಸಂತೋಷ ಪ್ರವಾಸದ ನಡುವೆ ಹೇಳಿದ್ದಕ್ಕಿಂತ ಹೆಚ್ಚಾಗಿತ್ತು. ನಡುವಿನ ಸಣ್ಣಪುಟ್ಟ ಕಿರಿಕಿರಿಗಳು ಬೇಗ ಮರೆಯುತ್ತವೆ. ನೆನಪಿನಲ್ಲಿ ಒಂದು ಅನುಭವದ ತೀವ್ರವಾದ ಗಳಿಗೆಗೂ ಅದರ ಕೊನೆಗೂ ಹೆಚ್ಚು ತೂಕ ಎಂಬುದನ್ನು ಡೇನಿಯಲ್ ಕಾನೆಮನ್ ಮತ್ತು ಸಹೋದ್ಯೋಗಿಗಳು 1993ರ ಪ್ರಯೋಗವೊಂದರಲ್ಲಿ ತೋರಿಸಿದ್ದರು. ಇದರಿಂದ ಸಿಗುವ ಕೆಲಸದ ಮಾತು ಇಷ್ಟು: ಕೊನೆಯ ದಿನವನ್ನು ಅವಸರಕ್ಕೆ ಬಿಡಬೇಡಿ. ಮರಳುವ ದಾರಿಯಲ್ಲಿ ಇನ್ನೂ ಮೂರು ಜಲಪಾತಗಳನ್ನು ತುರುಕುವ ಬದಲು, ಹಂಡೆಯ ಬಿಸಿನೀರಿನಲ್ಲಿ ಸ್ನಾನ ಮಾಡಿ, ಊಟ ಮುಗಿಸಿ, ಹಗಲಿನಲ್ಲೇ ಹೊರಡಿ.

ಮನಸ್ಸು ಬಹಳ ದಿನದಿಂದ ಸರಿಯಿಲ್ಲ. ಪ್ರವಾಸ ಹೋದರೆ ಸರಿಹೋಗುತ್ತದೆಯೇ?

ದಣಿವಾಗಿದ್ದರೆ ಹಿತವಾಗಬಹುದು. ವಾರಗಟ್ಟಲೆ ನಿದ್ರೆ, ಹಸಿವು, ಆಸಕ್ತಿ ಎಲ್ಲ ಕುಗ್ಗಿದ್ದರೆ ಅದು ಖಿನ್ನತೆಯಾಗಿರಬಹುದು. ಅದಕ್ಕೆ ವೈದ್ಯರು ಬೇಕು, ಬೆಟ್ಟವಲ್ಲ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ದಿನದ ಎಲ್ಲ ಹೊತ್ತಿನಲ್ಲೂ ಉಚಿತವಾಗಿ, ಕನ್ನಡದಲ್ಲೂ ಮಾತನಾಡಬಹುದು. ಅಂತಹವರನ್ನು ‘ಬಾ, ಎಲ್ಲ ಮರೆತು ನಗು’ ಎಂದು ಒತ್ತಾಯದಿಂದ ಕರೆದೊಯ್ದು, ಅಲ್ಲಿ ನಗದಿದ್ದಾಗ ಬೇಸರಪಟ್ಟುಕೊಳ್ಳುವುದು ಅವರ ಮೇಲೆ ಹೊರಿಸುವ ಇನ್ನೊಂದು ಭಾರ.

ಕೊನೆಯದಾಗಿ, ಮೂರು ದಿನದಲ್ಲಿ ಎಷ್ಟು ಸ್ಥಳ ನೋಡಬಹುದು?

ಬೇಸಿಗೆಯಲ್ಲಿ ನೋಡುವುದರ ಅರ್ಧದಷ್ಟು. ಸಾಗರವನ್ನು ತಂಗುದಾಣ ಮಾಡಿಕೊಂಡು ಒಂದು ದಿನ ಜೋಗಕ್ಕೆ, ಒಂದು ದಿನ ಇಕ್ಕೇರಿ ಮತ್ತು ಕೆಳದಿಯ ದೇವಾಲಯಗಳಿಗೆ ಇಟ್ಟು, ಮೂರನೆಯ ದಿನವನ್ನು ಹೆಸರಿಲ್ಲದೆ ಬಿಡಿ. ಮೊದಲ ದಿನ ಮಂಜು ತೆರೆಯದಿದ್ದರೆ ಮೂರನೆಯ ದಿನ ಮತ್ತೆ ಜೋಗಕ್ಕೆ ಹೋಗಬಹುದು, ತೆರೆದಿದ್ದರೆ ಮಧ್ಯಾಹ್ನದವರೆಗೆ ಮಲಗಬಹುದು.